ಕಂಬದಿಂದ ಸಿಡಿಲಿಗೆ ಎಷ್ಟು ದೂರ

…ನಾನು ಮತ್ತೆ ಸತ್ತೋದ್ನಾ? ಆ ಸಿಡಿಲಿನ ಲೆಕ್ಕ ಇನ್ನೊಂದ್ಸಲ ಓಡಿಸು ಕಣವ್ವ ಸಂಘಮಿತ್ರಾ. ನಿಮ್ಮವ್ವನ ಒಡಹುಟ್ಟಿದ ಅಣ್ಣ, ಈ ಮರಿಯಯ್ಯ, ನಿನ್ನ ಮುಂದೇನೇ ಚಕ್ಕಳಮಕ್ಕಳ ಹಾಕ್ಕೊಂಡು ಚುರುಮುರಿ ತಿಂತಾ ಕೂತಿದ್ದೀನಿ. ನಿನ್ನ ಲ್ಯಾಪ್‌ಟಾಪು ನೋಡಿದ್ರೆ ಬೆಳಗ್ಗೆಯಿಂದ ನನ್ನ ಸಾಯಿಸ್ತಾನೇ ಅದೆ. ಯಾಕೆ ನಗ್ತೀಯ? ನಗಬೇಡ, ನನಗೆ ರೇಗ್ತಾ ಅದೆ.

ಅದು ಹೇಳೋದಾದ್ರೂ ಏನು? … ಹಂಗಾ. ಕರೆಂಟು ಕಂಬಕ್ಕೆ ನಾಲ್ಕು ಮಾರು ಹತ್ರ ಬಂದ ಸಿಡಿಲು ನೆಲಕ್ಕೆ ಬೀಳಲ್ಲ, ತಂತಿಗೇ ಬೀಳ್ತದೆ. ತಂತಿಗೇ ಬಿದ್ರೆ ಟ್ರಾನ್ಸ್‌ಫಾರ್ಮರ್ ಬೂದಿ, ಕಂಬದ ಬುಡದಲ್ಲಿ ನಿಂತ ಮಾವನೂ ಬೂದಿ. ಆದ್ರೆ ಹೋದ ವರ್ಷ ನಮ್ಮೂರ ಲೈನಲ್ಲಿ ಆಗಿದ್ದೇ ಬೇರೆ. ಕಂಬದ ಮೇಲೆ ತಂತಿ ಕಟ್ಟೋ ಒಂದೆರಡು ಪಿಂಗಾಣಿ ಒಡೆದ್ವು, ಗದ್ದೆ ಮೋಟರುಗಳ ಸ್ಟಾರ್ಟರ್ ಸುಟ್ವು, ಅಷ್ಟೆ. ಟ್ರಾನ್ಸ್‌ಫಾರ್ಮರ್ ಇವತ್ತಿಗೂ ಗುಂಯ್ ಅಂತಾ ಅದೆ. ಅದಕ್ಕೇ ಸಿಡಿಲು ತಂತಿ ಮುಟ್ಟೇ ಇಲ್ಲ, ದೂರ ಎಲ್ಲೋ ಬಿದ್ದು, ಆ ಹೊಡೆತಕ್ಕೆ ತಂತಿಯಲ್ಲಿ ವೋಲ್ಟೇಜ್ ಎದ್ದದೆ ಅಂತೀಯ. ಮುಟ್ಟದೇ ಹೊಡೆಯೋದು. ಒಪ್ಪಿದೆ ಬುಡು, ನಿಮ್ಮತ್ತೆ ಚಲುವಮ್ಮ ಬರೀ ನೋಟದಲ್ಲೇ ನನಗೆ ಹಂಗೆ ಮಾಡ್ತಾಳೆ.

ಆದ್ರೆ ದೂರ ಬಿತ್ತು ಅಂದ್ಬುಟ್ರೆ, ಕಂಬದ ಬುಡದಲ್ಲೇ ನಿಂತು ನೋಡ್ದೆ ಅನ್ನೋ ನನ್ನ ಕಥೆ ಏನಾಗ್ಬೇಕು?

ಗೊತ್ತು ಕಣವ್ವ, ಬಸ್ಸಿಳಿದಾಗಿನಿಂದ ಅದನ್ನೇ ಹೇಳ್ತಿದ್ದೀಯ. ಸೋಮವಾರ ಪ್ರಾಜೆಕ್ಟು ಕೊಡಬೇಕು, ನಡೆದದ್ದಕ್ಕೂ ಲೆಕ್ಕಕ್ಕೂ ತಾಳೆ ಆಗದಿದ್ರೆ ನಿಮ್ಮ ಗೈಡು ಸೈನ್ ಹಾಕಲ್ಲ, ಈ ವರ್ಷ ಪಾಸಿಲ್ಲ. ಸಿಡಿಲು ಬಿದ್ದ ದೂರ ಒಂದು ಸಿಕ್ಕಿದ್ರೆ ಸಾಕು ಅಂತೀಯ. ಕೊಟ್ಟಿದ್ದೀನಲ್ಲ? ನಾಲ್ಕು ಮಾರು. ಈ ತೋಳಲ್ಲೇ ಅಳೆದದ್ದು. ಸಿಡಿಲಿನ ಬಿಸಿಗೆ ನನ್ನ ಬಲಗಡೆ ಮೀಸೆ ಸುರುಟ್ಕೊಂಡಿತ್ತು, ಎರಡು ತಿಂಗಳು ಬಾಚಣಿಗೆ ಹಾಕಿ ನೇರ ಮಾಡ್ದೆ.

ಏನು? ನರಸೀಪುರದ ಮದುವೇಲಿ, ನಮ್ಮ ಗದ್ದೆ ಹೊಂಗೆ ಮರದ ಹತ್ರ ಬಿತ್ತು ಅಂದಿದ್ನಾ? ಹುಲ್ಲಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಗದ್ದೆಯ ಆಚೆ ಬದೀಲಿ ಅಂದಿದ್ನಾ? ಯಾರು ಹೇಳಿದ್ದು, ಆ ಕಂಡಕ್ಟರ್ ನಂಜೇಶನಾ? ಟಿಕೆಟ್ ಹರಿಯೋದು ಬಿಟ್ಟು ಎಲ್ಲಾ ಮಾಡ್ತಾನೆ. ನೋಡವ್ವ, ಹೇಳ್ತಾ ಹೇಳ್ತಾ ಸಿಡಿಲು ಒಂಚೂರು ಹತ್ರ ಬತ್ತದೆ. ಮದುವೆ ಮನೇಲಿ ಅಡುಗೆಯವರು ಸೌಟು ಕೆಳಗಿಟ್ಟು ಕೂತವ್ರೆ, ಅವ್ರಿಗೆ ಎಲ್ಲೋ ಆಚೆ ಬಿತ್ತು ಅನ್ನಕ್ಕಾಗ್ತದಾ? ಅದನ್ನ ನೀನು ಕಂಪ್ಯೂಟರಿಗೆ ತುಂಬ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ?

ಸರಿ, ಹೊಂಗೆ ಮರ ಹಾಕು. … ಈಗಲೂ ವೋಲ್ಟೇಜ್ ಜಾಸ್ತಿನಾ? ಸಾಲಾಗಿ ಎಲ್ಲಾ ಪಿಂಗಾಣಿನೂ ಒಡೀತಾವಾ? ದರಿದ್ರದ್ದು. ಆಚೆ ಬದಿ ಹಾಕು. … ಈಗ ಒಂದೂ ಒಡೆಯಲ್ವಾ? ಹಂಗಾದ್ರೆ ಎರಡರ ನಡುವೆ ಎಲ್ಲಾದ್ರೂ ಒಂದು ಜಾಗ ನೀನೇ ನೋಡಿ ಬೀಳಿಸ್ಕೊ ತಾಯಿ. … ಹಂಗೆಲ್ಲ ಮಾಡಂಗಿಲ್ವಾ? ಕಣ್ಣಾರೆ ಕಂಡದ್ದೇ ಬೇಕಾ?

ಯಾವ ಕಡೆ ಮುಖ ಮಾಡಿ ನಿಂತಿದ್ದೆ ಅಂದ್ರೆ… ಕಂಬದ ಕಡೆ. ಅಲ್ಲ, ನಾಲೆ ಕಡೆ. ಅಯ್ಯೋ, ಸಿಡಿಲು ಹೊಡೆಯುವಾಗ ಯಾರವ್ವ ದಿಕ್ಕು ನೋಡ್ತಾರೆ? ಅರ್ಜುನ ಅರ್ಜುನ ಅಂತ ಕಿವಿ ಮುಚ್ಕೊಂಡು ಕೂತವನಿಗೆ ಕಂಬಳಿ ಒಳಗಿಂದ ಏನು ಕಾಣ್ತದೆ…

ಅಂದ್ರೆ, ಮಳೆ ಅಲ್ವಾ. ಗದ್ದೇಲಿ ಕಂಬಳಿ ಹೊದ್ಕೊಂಡು ನಿಂತಿದ್ದೆ.

ಯಾಕೆ ಹಂಗೆ ನೋಡ್ತೀಯ? ಇಷ್ಟೊತ್ತು ನಗ್ತಿದ್ದೆ, ಈಗ ನಗು.

ಮಂಚದ ಅಡಿ ಅಂತ ನಾನೆಲ್ಲಿ ಅಂದೆ?

… ನೀನೇನೂ ಅನ್ನಲಿಲ್ಲ, ಅಲ್ವಾ.

ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕ್ಬೇಡ ಕಣವ್ವ. ತಡಿ. ಅವತ್ತು ಮೋಟರು ಆಫ್ ಮಾಡಕ್ಕೆ ಯಾರಾದ್ರೂ ಒಬ್ರು ಗದ್ದೆಗೆ ಹೋಗ್ಲೇಬೇಕಿತ್ತು. ಹೋದೋರು ನೋಡಿದ್ರು. ಬಂದು ಸೀರೆ ಹಿಂಡ್ಕೊಂಡು ಒಲೆ ಹಚ್ಚಿದ್ರು, ಯಾರ ಹತ್ರನೂ ಹೇಳ್ಕೊಳ್ಳಲಿಲ್ಲ.

ಚಲುವಮ್ಮಾ… ಆ ಪಾತ್ರೆ ಅಲ್ಲೇ ಬುಟ್ಟು ಇತ್ಲಾಗಿ ಬಾ. ಅವತ್ತು ಸಿಡಿಲು ಎಲ್ಲಿ ಬಿತ್ತು ಅಂತ ಮಗೀಗೆ ಹೇಳು. ನನ್ನ ಮುಖ ನೋಡ್ಬೇಡ. ಹತ್ರ ತರಬೇಡ ಕಣೆ, ನೀನು ಎಲ್ಲಿ ಕಂಡ್ಯೋ ಅಲ್ಲೇ ಹೇಳು.