ರಾತ್ರಿ ಕಾಕ್ ಮುಚ್ಚೋರು

ಏಯ್, ಸುಮ್ನೆ ಕೂತ್ಕೊಳ್ಳಿ. ಮಧ್ಯ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ. ಇದು ಅವರಿವರ ಕತೆ ಅಲ್ಲ. ನಮ್ಮ ದೊಡ್ಡಪ್ಪನ ಮಗ ಕಡ್ಡಿ ಇದಾನಲ್ಲ, ಅವನಿಗೆ ಆದದ್ದು. ಕಡ್ಡಿಗೆ ಸುಳ್ಳು ಹೇಳೋಕೂ ಸೋಮಾರಿತನ, ನಿಮಗೇ ಗೊತ್ತು.

ದೊಡ್ಡಪ್ಪ ತೀರ್ಕೊಂಡು ಆಗಿನ್ನೂ ಸ್ವಲ್ಪ ದಿನ. ಅವರ ಹಳೇ ಬೈಕನ್ನ ಕಡ್ಡಿ ಓಡಿಸ್ತಿದ್ದ. ಅದಕ್ಕೊಂದು ರೋಗ... ನಿಲ್ಲಿಸಿದಾಗ ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ತಿರುಗಿಸಿ ಮುಚ್ಚದಿದ್ರೆ ಕಾರ್ಬೊರೇಟರಿಂದ ತೊಟ್ಟಿಕ್ಕುತ್ತೆ. ದೊಡ್ಡಪ್ಪ ಇದ್ದಾಗ ದಿನಾ ಮಲಗೋ ಮುಂಚೆ ಎದ್ದು ಹೋಗಿ ಮುಚ್ಚೋರು. ಕಡ್ಡಿಗೆ ಎಲ್ಲಿ ನೆನಪಿರುತ್ತೆ!

ಅವತ್ತು ಪ್ರೆಸ್ಸಲ್ಲಿ ಎರಡನೇ ಪಾಳಿ. ಮುಗಿಸಿ ಹೊರಗೆ ಬಂದ್ರೆ ಪೆಟ್ರೋಲೆಲ್ಲ ನೆಲದ ಪಾಲು. ಬೈಕ್ ತಳ್ಕೊಂಡೇ ಹೊರಟ. ಜಾಲರಿ ಹಾಕಿದ ಹಳೇ ಬಾವಿ ಹತ್ರ ಏರು ಇದೆಯಲ್ಲ... ಅಲ್ಲಿ ಬೈಕ್ ಹಗುರ ಆಯ್ತಂತೆ. ಹಿಂದಿಂದ ಯಾರೋ ಕೈ ಕೊಟ್ಟ ಹಾಗೆ. ಚೈನು ಕಿರ್... ಕಿರ್... ಅದರ ಹಿಂದೆ ಚಪ್ಪಲಿ, ಸರಕ್... ಸರಕ್...

"ಅಪ್ಪಾ?" ಅಂದ.

ಚಪ್ಪಲಿ ನಿಂತಿತು. ಬೈಕ್ ಮತ್ತೆ ಭಾರ ಆಯ್ತು.

"ಹೆದರಿಕೆ ಆಗ್ಲಿಲ್ವೇನೋ?" ಅಂತ ಆಮೇಲೆ ಕೇಳಿದೆ. "ಇಲ್ಲ ಅಕ್ಕ. ಏನೂ ಆಗ್ಲಿಲ್ಲ. ಅಪ್ಪ ಹೋದಾಗಿಂದ ನನಗೆ ಏನೂ ಆಗ್ತಿಲ್ಲ" ಅಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದ. ದೊಡ್ಡಮ್ಮ ತಟ್ಟೆ ಇಡ್ತಾ ಪಿಸುಗುಟ್ಟಿದ್ರು. "ಗೊತ್ತು ಕಣೋ. ದಿನಾ ಬರ್ತಾರೆ."

"ಯಾಕೆ?"

"ನೀನು ಕಾಕ್ ಮುಚ್ಚಲ್ವಲ್ಲ."

ಮಾರನೇ ರಾತ್ರಿ ಕಡ್ಡಿ ನಿದ್ದೆ ಮಾಡದೆ ಬಿದ್ಕೊಂಡಿದ್ದ. ಬೈಕ್ ನಿಲ್ಲೋದು ನಡುಮನೆಯಲ್ಲೇ, ಅಡಿಗೆಮನೆ ಬಾಗಿಲ ಪಕ್ಕ. ಕತ್ತಲಲ್ಲಿ ತೊಟ್... ತೊಟ್... ಆಮೇಲೆ ಸರಕ್... ಸರಕ್... ಟಕ್. ತೊಟ್ಟಿಕ್ಕೋದು ನಿಂತಿತು. ಒಂದು ಗಳಿಗೆಗೆಲ್ಲ ದೊಡ್ಡಮ್ಮನ ಗೊರಕೆ. ಆ ಟಕ್ ಕೇಳದೆ ಅವರಿಗೆ ನಿದ್ದೆ ಹತ್ತಲ್ಲ. "ನೀನು ಮಾತ್ರ ಮುಚ್ಚಬೇಡ ಕಣೋ" ಅಂತ ಹೆತ್ತ ಮಗನಿಗೇ ಕೈ ಮುಗಿದ್ರಂತೆ. ಬೇಕೂಂತ್ಲೇ ಪೆಟ್ರೋಲ್ ಸೋರೋಕೆ ಬಿಟ್ಟು ಮಲಗೋ ಮನೆ ಎಲ್ಲಾದ್ರೂ ನೋಡಿದೀರಾ?

ಹಾಗೇ ನಡೀತು. ಒಂದಿನ ಸಾರು ಬಿಸಿ ಮಾಡೋಕೆ ಒಲೆ ಹಚ್ಚಿದ್ದೇ ತಡ, ನೆಲದ ಮೇಲೆ ಸೋರಿದ್ದ ಪೆಟ್ರೋಲ್ ಭಪ್! ದೊಡ್ಡಮ್ಮನ ಸೆರಗು ಹತ್ಕೊಳ್ತು. ಕಡ್ಡಿ ಕಂಬಳಿ ಹಾಕಿ ಆರಿಸಿದ. ಅಂಗೈ ತುಂಬಾ ಬೊಬ್ಬೆ.

ಬೆಳಿಗ್ಗೆನೇ ಮೆಕ್ಯಾನಿಕ್ ಹತ್ರ ಹೋದ. ಅವನು ಕಾರ್ಬೊರೇಟರ್ ಬಿಚ್ಚಿ, "ಪೆಟ್ರೋಲ್ ತಡೆಯೋದೇ ಈ ನೀಡಲ್ಲು, ಪೂರ್ತಿ ಸವೆದಿದೆ" ಅಂತ ಹೊಸದು ಹಾಕಿಕೊಟ್ಟ. ಕಾಕ್ ತೆರೆದೇ ಇದ್ರೂ ಸೋರೋದು ನಿಂತಿತು. ರಾತ್ರಿಯ ಟಕ್ಕೂ ನಿಂತಿತು.

ದೊಡ್ಡಮ್ಮ ಬೈಲಿಲ್ಲ, ಅಳಲಿಲ್ಲ. ಗೋಡೆಗೆ ಒರಗಿ ಕೂತ್ರು. ರಾತ್ರಿ ಕೂತೋರು ಬೆಳಿಗ್ಗೆ ನೋಡಿದ್ರೂ ಹಾಗೇ. ಕಣ್ಣು ಗುಳಿ ಬಿತ್ತು. ಅನ್ನ ಕಲಸಿ ಹಾಗೇ ಬಿಟ್ಟೇಳೋರು. ಅಪ್ಪನ ಹಿಂದೆ ಅಮ್ಮನೂ ಹೋಗ್ತಾಳೆ ಅಂತ ಕಡ್ಡಿಗೆ ಖಾತ್ರಿ ಆಯ್ತು.

ಕೊನೆಗೊಂದು ರಾತ್ರಿ ಸ್ಕ್ರೂಡ್ರೈವರ್ ತಗೊಂಡ. ಒಲೆ ಆರಿದೆಯಾ ನೋಡಿದ. ಕಿಟಕಿ ತೆರೆದ. ಕಾರ್ಬೊರೇಟರ್ ತಳ ಬಿಚ್ಚಿ, ಆ ಹೊಸ ನೀಡಲ್ ಕಿತ್ತು ತೆಗೆದೇಬಿಟ್ಟ. ಮತ್ತೆ ಮುಚ್ಚಿ, ಕೆಳಗೆ ಬಾಂಡ್ಲಿ ಇಟ್ಟು ಕಾಕ್ ತೆರೆದ. ಈಗ ತೊಟ್ಟಲ್ಲ, ಧಾರೆ ಸುರೀಬೇಕು.

ಒಂದು ಹನೀನೂ ಬೀಳಲಿಲ್ಲ.

ಟ್ಯಾಂಕಿಂದ ಬರೋ ಪೈಪ್ ಎಳೆದು ನೋಡಿದ, ಪೆಟ್ರೋಲ್ ಬರ್ತಿದೆ. ಮತ್ತೆ ಸಿಗಿಸಿದ. ಬಾಂಡ್ಲಿ ಒಣಗೇ ಇದೆ. "ಅಮ್ಮಾ... ಸೋರ್ತಿಲ್ಲ. ಇನ್ನು ಅಪ್ಪ ಬರಲ್ಲ" ಅಂದವನೇ ನೆಲದ ಮೇಲೆ ಕೂತು ಗೊಳೋ ಅಂತ ಅತ್ತನಂತೆ. ಹೆಣ ಎತ್ತುವಾಗ್ಲೂ ಅತ್ತಿರಲಿಲ್ಲ ಅವನು.

ದೊಡ್ಡಮ್ಮ ಎದ್ದು ಬಂದ್ರು. ಬಗ್ಗಿ ಆ ಕಾರ್ಬೊರೇಟರನ್ನ ತುಂಬಾ ಹೊತ್ತು ನೋಡಿದ್ರು.

"ಅಳಬೇಡ ಕಣೋ" ಅಂದ್ರು, ಮೆಲ್ಲಗೆ. "ಅವರು ಬಂದಾಗಿದೆ... ಒಳಗೇ ಹಿಡ್ಕೊಂಡು ಕೂತಿದಾರೆ."

ಹೋಗಿ ಮಲಗಿದ್ರು. ಬಿಸಿಲು ಏರೋವರೆಗೂ ಗೊರಕೆ.

ಏನೋ ನಗ್ತೀಯಾ? ಆ ಮೆಕ್ಯಾನಿಕ್ಕನ್ನೇ ಕೇಳು ಹೋಗು. ಆಮೇಲೆ ಕಡ್ಡಿ ಮನೆಗೆ ಕರೆಸಿದಾಗ ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಕೈ ಒರೆಸ್ಕೊಂಡು ಹೋದ. ಹೋದ ವಾರ ನಾನೇ ಅವರ ಮನೆಗೆ ಹೋಗಿದ್ದೆ. ಟ್ಯಾಂಕ್ ತುಂಬಾ ಪೆಟ್ರೋಲ್. ಕಾಕ್ ತೆರೆದೇ ಇದೆ. ಒಳಗೆ ನೀಡಲ್ ಇಲ್ಲ. ಕಾರ್ಬೊರೇಟರ್ ತಳಕ್ಕೆ ಬೆರಳಿಟ್ಟು ಸವರಿದೆ... ಒಣಗಿತ್ತು. ಆ ಗಾಡಿನ ಎರಡು ದಿನದಿಂದ ಯಾರೂ ಸ್ಟಾರ್ಟೇ ಮಾಡಿರಲಿಲ್ಲ. ನನ್ನಾಣೆಗೂ ಹೇಳ್ತೀನಿ, ಬೆಚ್ಚಗಿತ್ತು.