ಹರಕೆ ಹುಂಜ, ಕಾಡುಹುಂಜ

ಎಂಬತ್ತೆರಡನೇ ಇಸವಿ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯಳು ಶುರುಮಾಡಿದಳು.

“ಮೊನ್ನೆ ಕಳ್ಸಿದ ಕಾಡುಕೋಳಿ ಸಾರು ಭಾರಿ ಆಗಿತ್ತು, ಪುಟ್ಟಕ್ಕ. ಅದ್ರ ರುಚೀನೇ ಬೇರೆ.”

“ಮೆತ್ತಗೆ ಮಾತಾಡೇ, ಗಂಗೆ. ಫಾರೆಸ್ಟಿನೋರು ಯಾರಾದ್ರೂ ಇದ್ದಾರು.”

“ದಿನಾ ನಿಮ್ಮ ಹಿತ್ಲಿಗೆ ಬಂದು ಹ್ಯಾಟೆ ಕೋಳಿಗಳ ಜೊತೆ ಮೇಯ್ತಿತ್ತಲ್ಲ, ಅದೇ ಹುಂಜ ತಾನೆ?”

“ಹಂಗಂತ್ಲೇ ನಮ್ಮನೆಯೋರು ಉರುಳಿಟ್ಟು ಹಿಡಿದು, ಅವ್ರೇ ಕೊಯ್ದು, ಪುಕ್ಕ ಕಿತ್ತು ತಂದ್ರು. ಮಾರನೇ ಬೆಳಿಗ್ಗೆ ನೋಡ್ತೀನಿ, ಕಾಡುಹುಂಜ ಹಿತ್ಲಲ್ಲಿ ನಿಂತು ಕೂಗ್ತಾ ಅದೆ!”

“ಹಂಗಾರೆ ನಾವು ತಿಂದಿದ್ದು?”

“ಭೂತಪ್ಪಂಗೆ ಹರಕೆ ಬಿಟ್ಟಿದ್ದ ನಮ್ಮ ಬೂದು ಹುಂಜ.”

“ಅಯ್ಯೋ! ನಮ್ಮನೇಲಿ ಮೂಳೇನೂ ಬಿಡ್ಲಿಲ್ವಲ್ಲ!”

ಗಂಗೆಯೇ ಮತ್ತೆ ಕೇಳಿದಳು.

“ಎಂಥಕ್ಕೆ ಹೇಳ್ಕಂಡಿದ್ರಿ ಹರಕೆ?”

“ಇವ್ರ ಕಣ್ಣು ಆಪರೇಷನ್ ಆತಲ್ಲ, ಸರಿಯಾಗಿ ಕಂಡ್ರೆ ಹುಂಜ ಕೊಡ್ತೀನಿ ಅಂತ.”

“ಸಾಕಿದ ಹುಂಜ ಯಾವ್ದು, ಕಾಡಿನ ಹುಂಜ ಯಾವ್ದು ಅಂತ್ಲೇ ಕಾಣ್ದಿದ್ಮೇಲೆ ಭೂತಪ್ಪಂಗೆ ಎಂಥಕ್ಕೆ ಕೊಡ್ಬೇಕು?”

“ದೇವ್ರ ಹತ್ರ ಹಂಗೆಲ್ಲ ವಾದ ಮಾಡ್ಬಾರ್ದು. ಇವ್ರು ಎಲ್ಲಾ ಕಾಣ್ತದೆ ಅಂತಾರಪ್ಪ.”

ಅಷ್ಟರಲ್ಲಿ ಹಸಿರು ಕನ್ನಡಕದ ಗಂಡಸೊಬ್ಬರು ಚೀಲ ಹೊತ್ತು ಓಡಿಬಂದರು. “ಹೊಸನಗರದ ಬಸ್ ಬಂತು, ಏಳಿ, ಏಳಿ!” ಎಂದು ಕೂಗಿ, ಆಗುಂಬೆ ಎಂದು ದೊಡ್ಡದಾಗಿ ಬೋರ್ಡಿದ್ದ ಬಸ್ಸು ಹತ್ತಿಯೇ ಬಿಟ್ಟರು.

ಪುಟ್ಟಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

“ನೀ ಹೇಳಿದ್ದೇ ಸರಿ ಕಣೇ. ಭೂತಪ್ಪ ಇನ್ನೂ ಏನೂ ಮಾಡೇ ಇಲ್ಲ,” ಎನ್ನುತ್ತ ಆಗುಂಬೆ ಬಸ್ಸಿನ ಹಿಂದೆ ಓಡಿದರು.