ಮನವೊಲಿಕೆಯ ಕಾಲಂ

ಈ ಸಭೆಯ ಅಧ್ಯಕ್ಷರಾದ ಚನ್ನಕೇಶವ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಯಲಹಂಕದ ನಿವಾಸಿಗಳ ಸಂಘದ ಪದಾಧಿಕಾರಿಗಳೇ, ತೀರ್ಪಿಗಾಗಿ ಕಾಯುತ್ತಿರುವ ಇಬ್ಬರು ಮಕ್ಕಳೇ, ಊಟಕ್ಕಾಗಿ ಕಾಯುತ್ತಿರುವ ಸಭಿಕರೇ,

ಅಣಕು ಟಿ.ವಿ. ಚರ್ಚೆಯಲ್ಲಿ ಗೆದ್ದವರನ್ನು ತಮ್ಮ ಪಕ್ಷದ ಪರವಾಗಿ ನಿಜವಾದ ಟಿ.ವಿ. ಚರ್ಚೆಗೆ ಕಳಿಸುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದಾರೆ. ಆದ್ದರಿಂದ ಇದು ಬರೀ ಒಂದು ಶೀಲ್ಡಿನ ವಿಚಾರವಲ್ಲ. ಉಳಿದಿಬ್ಬರು ತೀರ್ಪುಗಾರರ ಅಂಕಗಳು ಸಮವಾಗಿವೆ. ಇನ್ನುಳಿದಿರುವುದು ನನ್ನ ಹಾಳೆ ಮಾತ್ರ.

ರಸ್ತೆಯ ತರಕಾರಿ ಗಾಡಿಗಳನ್ನು ತೆಗೆಯಬೇಕೆಂದು ವಾದಿಸಿದ ಬಸವಕಿರಣ ನಾಲ್ಕು ನಿಮಿಷದಲ್ಲಿ ಹನ್ನೊಂದು ಅಂಕಿಅಂಶ, ಮೂರು ಕಾನೂನಿನ ಕಲಮು ಹೇಳಿದರು. ಸಿಂಗಾಪುರದ ರಸ್ತೆಗಳನ್ನು ನೋಡಿ ಅಂದಾಗ ವಿದ್ಯಾರಣ್ಯಪುರದ ಪಕ್ಕದ ನಮ್ಮ ಸಿಂಗಾಪುರ ಯಾವಾಗ ಅಷ್ಟು ಸುಧಾರಿಸಿತು ಎಂದುಕೊಂಡೆ. ಎದುರಾಳಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ! ನಾನೂ ಹೀಗೆಯೇ ಇದ್ದೆ. ಇಂಟರ್ ಕಾಲೇಜಿಯೇಟ್ ಡಿಬೇಟಿನಲ್ಲಿ ‘ಮೈ ವರ್ದಿ ಅಪೋನೆಂಟ್ ಹ್ಯಾಸ್ ಮಿಸರಬ್ಲಿ...’ ಮುಂದಿನದು ಮರೆತಿದೆ. ಅಪೋನೆಂಟ್ ಅತ್ತದ್ದು ನೆನಪಿದೆ.

ಆ ವಿದ್ಯೆಯನ್ನು ನಾನು ಮನೆಗೂ ತಂದೆ. ನನ್ನ ಹೆಂಡತಿ ನಾಗಲಕ್ಷ್ಮಿಗೆ ಯಶವಂತಪುರದ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಎರಡು ಬಸ್ಸು ಬದಲಾಯಿಸಬೇಕು, ಮಗು ಚಿಕ್ಕದು, ಸಂಬಳ ಕಡಿಮೆ ಎಂದು ಒಂದೇ ಉಸಿರಿಗೆ ಕಾರಣ ಕೊಟ್ಟೆ. ಸರಿ, ಬಿಡ್ತೀನಿ ಅಂದಳು. ಮರುದಿನ ಆಫೀಸಿನಲ್ಲಿ, ‘ಕನ್ವಿನ್ಸ್ ಮಾಡ್ದೆ ಕಣ್ರೀ’ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಇಪ್ಪತ್ತು ವರ್ಷದ ಮೇಲೆ ಪಕ್ಕದ ಮನೆಯ ಸುಬ್ಬಮ್ಮನವರು, ಅಷ್ಟು ಒಳ್ಳೆ ಕೆಲಸ ಯಾಕೆ ಬಿಟ್ಟೆ ಎಂದು ಅವಳನ್ನು ಕೇಳುತ್ತಿದ್ದರು. ನಾನು ಒಳಗೆ ಪೇಪರ್ ಓದುತ್ತಿದ್ದೆ.

‘ಒಪ್ಕೊಂಡು ಬಿಡ್ಲಿಲ್ಲ ಕಣ್ರೀ ಸುಬ್ಬಮ್ಮ,’ ಅಂದಳು. ‘ಅವರು ಮಾತು ನಿಲ್ಲಿಸ್ಲಿ ಅಂತ ಬಿಟ್ಟೆ.’

ಕೋಪದಿಂದ ಹೇಳಲಿಲ್ಲ. ಹುರುಳಿಕಾಯಿ ಸೋಸುತ್ತಾ ಹೇಳಿದಳು. ಅದರ ಮೇಲೆ ನಾನು ಏನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಈಗ ಅವಳು ಹೋಗಿ ಆರು ವರ್ಷ.

ಇರಲಿ, ವಿಷಯಕ್ಕೆ ಬರುತ್ತೇನೆ. ನನ್ನ ಹಾಳೆಯಲ್ಲಿ ‘ಮನವೊಲಿಕೆ, ಹತ್ತು ಅಂಕ’ ಎಂಬ ಕಾಲಂ ಇದೆ. ಎಷ್ಟೋ ವರ್ಷಗಳಿಂದ ಅದಕ್ಕೆ ಅಂದಾಜಿನಲ್ಲಿ ಏಳು, ಎಂಟು ಹಾಕುತ್ತಿದ್ದೆ. ಈ ಸಲ ಹಾಗೆ ಮಾಡಲಿಲ್ಲ. ಆರ್.ಟಿ. ನಗರದ ತರಕಾರಿ ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕು ಎನ್ನುವವರು ಕೈ ಎತ್ತಿ ಎಂದು ಮೊದಲೇ ಕೇಳಿದ್ದೆ. ನಲವತ್ತೊಂದು ಕೈ. ತೆಗೆಯಲೇಬೇಕೆಂದು ಬಸವಕಿರಣ ಗುಡುಗಿದರು, ನೀವು ಚಪ್ಪಾಳೆ ತಟ್ಟಿದಿರಿ. ಮತ್ತೆ ಎಣಿಸಿದರೆ ಅದೇ ನಲವತ್ತೊಂದು.

ಆಮೇಲೆ ಎದುರಾಳಿ ನಂದಿತಾ ಎದ್ದು, ‘ಟ್ರಾಫಿಕ್ ಆಗೋದು ನಿಜ ಸರ್, ಒಪ್ತೀನಿ. ಗಾಡಿ ತೆಗೆದ್ರೆ ಆ ಜಾಗಕ್ಕೆ ಏನ್ ಬರುತ್ತೆ? ಇನ್ನೊಂದು ಕಾರ್ ತಾನೇ?’ ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಪಾಠ ಮರೆತರೇನೋ ಎಂದುಕೊಂಡೆ. ಅಲ್ಲ, ನಮಗೆ ಯೋಚಿಸಲು ಬಿಟ್ಟಿದ್ದರು. ಕೊನೆಯಲ್ಲಿ ಮೂವತ್ತಾರೇ ಕೈ. ಐದು ಜನ ಮನಸ್ಸು ಬದಲಾಯಿಸಿದ್ದರು.

ಬದಲಾದ ಮನಸ್ಸಿಗೊಂದು ಅಂಕದಂತೆ ನಂದಿತಾಗೆ ಐದು, ಬಸವಕಿರಣರಿಗೆ ಸೊನ್ನೆ. ಉಚ್ಚಾರಣೆ, ನಿರರ್ಗಳತೆ ಎಲ್ಲ ಸೇರಿ ಬಸವಕಿರಣ ಮೂರು ಅಂಕ ಮುಂದಿದ್ದರು. ಆದ್ದರಿಂದ ಎರಡು ಅಂಕದಿಂದ ಶೀಲ್ಡು ನಂದಿತಾಗೆ. ಅಧ್ಯಕ್ಷರೇ, ಈ ಹುಡುಗಿ ಟಿ.ವಿ.ಯಲ್ಲಿ ಎದುರಾಳಿಯ ಮಾತನ್ನೂ ಒಪ್ಪಿಕೊಂಡಾಳು, ಸಿದ್ಧರಾಗಿರಿ.

ಬಸವಕಿರಣ ಅಲ್ಲಿ ಒಪ್ಪದೆ ತಲೆ ಅಲ್ಲಾಡಿಸುತ್ತಿದ್ದಾರೆ. ಅವರಿಗೆ ಉತ್ತರ ಕೊಡಲು ನನ್ನ ನಾಲಿಗೆ ಈಗಲೂ ತುರಿಸುತ್ತಿದೆ. ಕೊಡುವುದಿಲ್ಲ. ಬನ್ನಿ, ನಿಮ್ಮ ಆಕ್ಷೇಪಣೆ ಹೇಳಿ, ನಿಮಗೆ ಗಂಟೆ ಹೊಡೆಯುವವರು ಯಾರೂ ಇಲ್ಲ. ಮೈಕು ನಿಮಗೆ ಬಿಟ್ಟು ನಾನು ಕೂತು ಕೇಳುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.